ಹನ್ನೆರಡನೇ ನಂಬರ್ ಗ್ಯಾಸು

ಹನ್ನೆರಡು. ಹನ್ನೆರಡೇ ಮಾರಾಯ್ತಿ, ಇನ್ನೆಷ್ಟು ಸಲ ಹೇಳ್ಲಿ? ಹನ್ನೆರಡನೇ ನಂಬರ್ ಗ್ಯಾಸು, ಏಸಿಗೆ ಹಾಕೋ ಫ್ರಿಯಾನ್. ನಿಮ್ಮಪ್ಪ ಹಾಕ್ತಿದ್ದದ್ದೂ ಅದೇ, ನಾನು ಹಾಕೋದೂ ಅದೇ. ಪುಟ್ಟಪ್ಪನ ಟ್ಯಾಕ್ಸಿ ಅಂತ ಬೇರೆ ಏನಾದ್ರೂ ಆಕಾಶದಿಂದ ಇಳಿಸ್ಕೊಂಡು ಬರ್ತೀನಾ?... ಬಾ, ಕೂತ್ಕೋ ಮೊದ್ಲು. ಸೊರಬದಿಂದ ಶಿಕಾರಿಪುರದ ತನಕ ಈ ಬಿಸಿಲಾಗೆ, ಅದೂ ಏಸಿ ಕೆಟ್ಟ ಅಂಬಾಸಿಡರಿನಾಗೆ! ಗ್ಲಾಸ್ ಇಳಿಸ್ಕೊಂಡು ಬಂದ್ರಿ ತಾನೇ? ನಾಲ್ಕೂ ಇಳಿಸಿದ್ರಿ ಅಲ್ಲ? ಹ್ಞಾಂ... ಇಲ್ಲ, ಸುಮ್ನೆ ಕೇಳ್ದೆ. ಸೆಕೆ ಅಲ್ವಾ, ಅದಕ್ಕೆ.

ಪುಟ್ಟಪ್ಪ ಎಲ್ಲಿ ಹೋದ? ಮಂಡಕ್ಕಿ ಮಿರ್ಚಿ ತಿನ್ನೋಕಾ? ತಿನ್ಲಿ. ತಿಂದ ಮೇಲೆ ಬೀಡಿ ಹಚ್ತಾನೆ, ಅವನ ಬಾಯಿಗೆ ಬೀಡಿ ಇಲ್ದೆ ಆಗಲ್ಲ... ಗಾಡಿ ಒಳಗೆ ಕೂತು ಸೇದಬೇಡ ಅಂತ ಹೇಳು ಅವನಿಗೆ. ಯಾಕೆ ಅಂದ್ರೆ? ಸೀಟು! ಸೀಟು ಸುಡ್ತದೆ, ಹೊಸ ರೆಕ್ಸಿನ್ನು. ಇನ್ನೇನು ಮತ್ತೆ? ಎಂತಕ್ಕೆ ಹಂಗೆ ನೋಡ್ತೀಯ ನಾಗವೇಣಿ? ನಾನೇನು ಕಂಡರಿಯದ ಮನುಷ್ಯನಾ? ಆರು ವರ್ಷ ನಿಮ್ಮ ಮನೆ ಜಗಲಿ ಮೇಲೆ ಮಲಗಿ ಕೆಲಸ ಕಲಿತೋನು, ನಿಮ್ಮಮ್ಮನ ಕೈಯಾಗೆ ಉಂಡೋನು. ಲಂಗ ಉಟ್ಕೊಂಡು 'ಈಶ್ವರಣ್ಣ, ಈಶ್ವರಣ್ಣ' ಅಂತ ಸ್ಕ್ರೂಡ್ರೈವರ್ ಬಚ್ಚಿಟ್ಟು ಆಟ ಆಡಿಸೋಳು ನೀನು. ಈಗ ಅಣ್ಣ ಅನ್ನೋದೂ ಮರೆತು ಹೋಯ್ತಾ? ಬಂದೋಳು ಒಂದೇ ಮಾತು ಕೇಳ್ದೆ, 'ಇದರಾಗೆ ಯಾವ ಗ್ಯಾಸ್ ಹಾಕಿದೀಯ' ಅಂತ. ನಾನು ಹೇಳ್ದೆ. ಆದ್ರೂ ಅದನ್ನೇ ಮತ್ತೆ ಮತ್ತೆ ಕೇಳ್ತೀಯ.

ಇಷ್ಟಕ್ಕೆ ನೀನೇ ಬರಬೇಕಿತ್ತೇನು? ಒಂದು ಫೋ... ಒಂದು ಚೀಟಿ ಬರೆದು ಪುಟ್ಟಪ್ಪನ ಕೈಲಿ ಕಳಿಸಿದ್ರೆ ಆಗ್ತಿತ್ತು. ಅಯ್ಯೋ, ಆ ಕಡೆ ನೋಡಬೇಡ, ಅದು ಸತ್ತೈತೆ. ಟೆಲಿಫೋನು. ಕನೆಕ್ಷನ್ ತೆಗೆಸಿ ವರ್ಷ ಆಯ್ತು. ಹೌದು ಹೌದು, ಅಂಗಡಿಗೆ ಫೋನ್ ಬೇಕು, ಇಲ್ದಿದ್ರೆ ಗಿರಾಕಿ ತಪ್ತಾರೆ, ನನ್ನ ಹೆಂಡ್ತಿ ಸೌಂದರ್ಯನೂ ಅದೇ ಹೇಳ್ತಾಳೆ. ನಂಗೆ ಬೇಡ ಅನ್ನಿಸ್ತು, ತೆಗೆಸ್ದೆ. ಡಬ್ಬಿ ಮಾತ್ರ ಅಲ್ಲೇ ಕೂತೈತೆ. ತಾಳು, ಒಂದು ಬಟ್ಟೆ ಮುಚ್ತೀನಿ... ಹ್ಞಾಂ. ಈಗ ಈ ಕಡೆ ತಿರುಗು.

ಅಪ್ಪನ ಅಂಗಡಿ ಮತ್ತೆ ತೆಗೆದೀಯಂತೆ. ಸಂತೋಷ... ಅಂದ್ರೆ, ಹೆಣ್ಣುಮಗಳು ಸ್ಪ್ಯಾನರ್ ಹಿಡೀತಾಳೆ ಅಂತ ಸೊರಬದ ಬಸ್‌ಸ್ಟ್ಯಾಂಡಿನಾಗೆ ನಗೋರು ಇರ್ತಾರೆ, ನಗ್ಲಿ ಬಿಡು. ಜಟ್ಟಪ್ಪ ಮೇಸ್ತ್ರಿ ಮಗಳು ಸ್ಪ್ಯಾನರ್ ಹಿಡೀದೆ ಇನ್ನೇನು ಹಿಡೀತಾಳೆ! ಆದ್ರೆ ಗಾಡಿ ಯಾವುದೂ ಬರ್ತಿಲ್ಲ ಅಂತ ಕೇಳ್ದೆ. ಪುಟ್ಟಪ್ಪಂದೇ ಮೊದಲನೇದಾ? ಇಡೀ ವರ್ಷಕ್ಕೆ ಒಂದಾ? ಫ್ರಿಜ್ಜು ಗಿಜ್ಜು? ಅದೂ ಇಲ್ಲ... ಜನ ಅಲ್ವೇನೇ. ಅವ್ರು ಏನಂತಾರೆ ಅಂತ ನಂಗೂ ಗೊತ್ತು. 'ಮುದುಕನ ಕೈ ನಡುಗ್ತಿತ್ತು. ಲೀಕ್ ನೋಡೋ ದೀಪದ ಸ್ಪಿರಿಟ್ ಚೆಲ್ಕೊಂಡು ತಾನೂ ಸುಟ್ಕೊಂಡ, ಸಾವ್ಕಾರ್ ನಾಗರಾಜಪ್ಪನೋರ ಕಾರನ್ನೂ ಸುಟ್ಟ. ಇನ್ನು ಮಗಳ ಕೈ ಎಂಥದೋ.' ಹಂಗಂತಾರೆ. ಊರ ಬಾಯಿಗೆ ಬೀಗ ಹಾಕೋಕಾಗ್ತದಾ?

ಏನು? ಮೊದಲು ಹಂಗಂದಿದ್ದು ಯಾರು ಅಂತಾ?... ನಂಗೇನು ಗೊತ್ತು! ಊರು ಅಂದ್ರೆ ಊರು.

ಹೌದು, ಪಂಚನಾಮೆಗೆ ಬಂದೋರು ನನ್ನ ಕೇಳಿದ್ರು. ಇಲ್ಲ ಅಂದ್ನಾ ನಾನು? 'ನೀನು ಅವನ ಶಿಷ್ಯ, ಕೆಲಸ ತಿಳಿದೋನು, ಏನಾಗಿರಬಹುದು ಹೇಳು' ಅಂದ್ರು. ನಾನು ವಯಸ್ಸಾಗಿತ್ತು ಅಂದೆ, ದೀಪ ಹಳೇದು ಅಂದೆ, ಸ್ಪಿರಿಟ್ ಚೆಲ್ಲಿರಬಹುದು ಅಂದೆ. ಅಂದಾಜಿಗೆ ಅಂದೆ ಕಣೇ! ಅಷ್ಟು ಜನ ಸುತ್ತ ನಿಂತು ಬಾಯಿ ನೋಡ್ತಾ ಇದ್ರೆ ಮನುಷ್ಯ ಏನಾದ್ರೂ ಒಂದು ಅನ್ನಬೇಕಲ್ಲ. ನೀನು ನಗ್ತಾ ಇದೀಯಾ? ಇಲ್ಲಾ? ನಕ್ಕಂಗೆ ಕಂಡ್ತು ನಂಗೆ.

ಅದೇನು ಗಂಟು ತೊಡೆ ಮೇಲೆ? ಬುತ್ತಿನಾ? ಬಿಚ್ಚು, ಬಿಚ್ಚು, ಸೌಂದರ್ಯಂಗೆ ಮೊಸರು ತರೋಕೆ ಹೇಳ್ತೀ...

ಇದನ್ಯಾಕೆ ತಂದೆ?

ಅಲ್ಲ, ಇದನ್ಯಾಕೆ ತಂದೆ ನೀನು? ಅದೇ ದೀಪಾನಾ? ಆ ದಿವಸದ್ದು? ರಬ್ಬರ್ ಪೈಪ್ ಕರಗಿ ಹೋಗೈತೆ, ತಾಮ್ರದ ಮೂತಿ ಸೊಟ್ಟ ಆಗೈತೆ... ಎಷ್ಟು ಚೆಂದಾಗಿ ಉಜ್ಜಿಟ್ಟೀಯ. ಹುಣಸೆಹಣ್ಣಾ? ದೇವರ ಸಾಮಾನು ಉಜ್ಜಿದಂಗೆ ಉಜ್ಜೀಯಲ್ಲೇ. ಹನ್ನೊಂದನೇ ದಿವಸಾನೇ ನಿಮ್ಮಮ್ಮಂಗೆ ಹೇಳಿದ್ದೆ ನಾನು, ಇದನ್ನ ದಂಡಾವತಿ ಹೊಳೆಗೆ ಎಸೆದು ಬಿಡ್ರಿ, ಮನೇಲಿ ಇಟ್ಕೋಬೇಡ್ರಿ ಅಂತ. ಯಾರು ಕೇಳ್ತಾರೆ ನನ್ನ ಮಾತು.

ಈ ದೀಪ ಹಿಡಿಯೋದು ಮೇಸ್ತ್ರಿ ನಂಗೆ ಕಲಿಸೋಕೆ ಒಂದು ವರ್ಷ ತಗೊಂಡ್ರು ಗೊತ್ತಾ? ನೀಲಿ ಉರಿ. ದೀಪದ ಪೈಪಿನ ಬಾಯಿ ಏಸಿಯ ಸಂದಿ ಸಂದಿಗೆ ಹಿಡೀಬೇಕು. ಎಲ್ಲಿ ಫ್ರಿಯಾನ್ ಸೋರ್ತಿರ್ತದೋ ಅಲ್ಲಿ ಉರಿ ಹಸಿರಾಗ್ತದೆ. ಗಿಣಿ ಹಸಿರು! ಮೊದಲನೇ ಸಲ ನೋಡಿದಾಗ ನಾನು ಕೈ ಮುಗಿದುಬಿಟ್ಟೆ. ತಲೆ ಮೇಲೆ ಮೊಟಕಿದ್ರು. 'ದೇವರಲ್ಲೋ ಅದು, ಲೀಕು' ಅಂದ್ರು. ಬೇರೆಯೋರೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂತಾ ನೋಡಿ ಮುಗಿಸೋರು. ಮೇಸ್ತ್ರಿಗೆ ಅದು ಆಗಲ್ಲ. ಗಾಳಿಗೆ ಉರಿ ಅಲುಗಬಾರದು ಅಂತ ನಾಲ್ಕೂ ಗ್ಲಾಸ್ ಏರಿಸ್ಕೊಂಡು, ಬೆವರು ಸುರಿಸ್ಕೊಂಡು, ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ದೀಪ ಹಿಡಿಯೋರು. 'ಹೆದರಬೇಡ, ಹನ್ನೆರಡಕ್ಕೆ ಬೆಂಕಿ ತಾಗಲ್ಲ, ಅದು ತಣ್ಣನೆ ಜೀವ' ಅನ್ನೋರು. ತಣ್ಣನೆ ಜೀವ...

ಮತ್ತೆ ಬಿಲ್ಲೆ. ಬಿಲ್ಲೆ ನೆನಪೈತಾ ನಿಂಗೆ? ಯಾವ ಗ್ಯಾಸ್ ಹಾಕಿದ್ರೂ ಹಿತ್ತಾಳೆ ಬಿಲ್ಲೆ ಮೇಲೆ ನಂಬರ್ ಕುಟ್ಟಿ ಪೈಪಿಗೆ ಕಟ್ಟಬೇಕು. ಅದಾಗದೆ ಬಾನೆಟ್ ಮುಚ್ಚೋ ಹಂಗಿಲ್ಲ. 'ನಾಳೆ ಬೇರೆಯೋನು ಕೈ ಹಾಕ್ತಾನೆ. ಅವನ ಜೀವ ನಿನ್ನ ಬಿಲ್ಲೆ ಮೇಲೆ ಇರ್ತದೆ' ಅನ್ನೋರು. ಕುಟ್ಟೀ ಕುಟ್ಟೀ ನನ್ನ ಹೆಬ್ಬೆರಳು ಎಷ್ಟು ಸಲ ನೀಲಿ ಆಗೈತೋ.

ಪುಟ್ಟಪ್ಪನ ಗಾಡೀಲಿ ಬಿಲ್ಲೆ ಇಲ್ಲ ಅಂತೀಯಾ? ಇರ್ಲಿಕ್ಕಿಲ್ಲ. ಈಗ ಯಾರು ಕಟ್ತಾರೆ ಅದನ್ನ? ನಿಮ್ಮಪ್ಪನ ಕಾಲ ಮುಗೀತು. ಇಲ್ಲ, ಹಂಗಲ್ಲ... ತಪ್ಪು ತಿಳ್ಕೋಬೇಡ.

ಮೇಸ್ತ್ರಿ ಅಂಥೋರು ಇನ್ನೊಬ್ಬರು ಹುಟ್ಟಲ್ಲ ಬಿಡು. ಮೂಗೊಂದು ಇರ್ಲಿಲ್ಲ, ಅಷ್ಟೇ. ಇತ್ತು, ಇತ್ತು, ನಶ್ಯ ಏರಿಸೋಕೆ! ಮೂವತ್ತು ವರ್ಷ ನಶ್ಯ ಹಾಕಿ ಹಾಕಿ ವಾಸನೆ ಅನ್ನೋದೇ ಸತ್ತು ಹೋಗಿತ್ತು. ಒಂದ್ಸಲ ಒಲೆ ಮೇಲೆ ಸಾರು ಸೀದು ಮನೆ ತುಂಬ ಹೊಗೆ, ಇವರು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರು! ನಿಮ್ಮಮ್ಮ ಬೈದಿದ್ದು ಇಡೀ ಕೇರಿಗೆ ಕೇಳ್ತು. ಅಂಗಡೀಲಿ ಅವರ ಮೂಗು ನಾನೇ. ಫ್ರಿಜ್ ಬಂದ್ರೆ, ಮೋಟರ್ ಸುಟ್ಟ ವಾಸನೆ ಐತಾ ಇಲ್ವಾ ನೋಡು ಅಂತ ನನ್ನ ಕಡೆ ತಿರುಗಿ ಹಿಂಗೆ ಮೂಗು ಮುಟ್ಟಿ ತೋರಿಸೋರು. ಬಾಯಿ ಬಿಡೋ ಹಂಗೇ ಇಲ್ಲ. ಮೂಗು ಮುಟ್ಟಿದ್ರೆ ಸಾಕು, ನಾನು ಹೋಗಿ ಬಗ್ಗಿ ಮೂಸಿ ಹೇಳಬೇಕು. 'ನನ್ನ ಮೂಗು ಈಶ್ವರ' ಅಂತ ಬಂದೋರಿಗೆಲ್ಲ ಹೇಳೋರು...

ಇಲ್ಲ, ಏನಿಲ್ಲ. ಧೂಳು ಕಣ್ಣಿಗೆ ಬಿತ್ತು. ನೀರು ಕುಡಿ ನೀನು.

ನೋಡು, ನಿಂಗೆ ಅಂತಾನೇ ಒಂದು ತೆಗೆದಿಟ್ಟೀನಿ. ಇದು. ಬೆಂಗಳೂರಿಂದ ತರಿಸಿದ್ದು. ಬೆಂಕಿ ಬೇಡ, ದೀಪ ಬೇಡ, ಲೀಕ್ ಇರೋ ಕಡೆ ಹಿಡಿದ್ರೆ ಕೀ ಕೀ ಕೀ ಅಂತ ಕೂಗ್ತದೆ. ತಗೋ. ದುಡ್ಡು ಬೇಡ. ಅಣ್ಣ ಕೊಟ್ಟ ಅಂತ ಇಟ್ಕೋ. ಯಾಕೆ ದೂಡ್ತೀಯ? ತಗೊಳ್ಳೇ! ಅಪ್ಪನ ದೀಪಾನೇ ಸಾಕು ಅಂತೀಯಾ? ಈ ಕಾಲದಾಗೆ ಯಾರು ದೀಪ ಹಚ್ತಾರೆ? ಗಾಡೀಲಿ ಏನೈತೋ ಏನೋ, ದೀಪ ಹಿಡಿದು ಒಳಗೆ ಹೋ... ಅಂದ್ರೆ, ಪುಟ್ಟಪ್ಪನ ಗಾಡೀಲಿ ಹನ್ನೆರಡೇ, ಅದು ಬೇರೆ ಮಾತು. ಬೇರೆ ಗಾಡಿಗಳಾಗೆ. ಬೇರೆಯೋರು ಏನೇನು ಹಾಕಿರ್ತಾರೋ ಯಾರಿಗೆ ಗೊತ್ತು?

ಈಗ ಇನ್ನೇನು ತೆಗೀತೀಯ ಆ ಚೀಲದಿಂದ... ಸೆಂಟ್ ಬಾಟ್ಲಿ. ಮಲ್ಲಿಗೆ ಸೆಂಟು. ಪುಟ್ಟಪ್ಪನ ಗಾಡೀಲಿ ಇತ್ತಾ? ಇದ್ರೆ ಏನೀಗ? ಎಲ್ರೂ ಇಡ್ತಾರೆ. ಗಿರಾಕಿಗೆ ಅಂತ ನಾನೇ ಕೊಡ್ತೀನಿ, ಒಳ್ಳೇ ವಾಸನೆ ಬರ್ಲಿ ಅಂತ... ನಾಗರಾಜಪ್ಪನೋರ ಕಾರಿನಾಗೂ ಇದೇ ಬಾಟ್ಲಿ ಇತ್ತು ಅಂತೀಯಾ? ಸುಟ್ಟ ಕಾರಿನಾಗೆ ನೀನು ಅದನ್ನೂ ನೋಡಿದ್ಯಾ? ಎಂಥ ಕಣ್ಣು ಕಣೇ ನಿಂದು.

ಹೌದು, ಅವರಿಗೂ ಕೊಟ್ಟಿದ್ದೆ. ಮಗಳು ದೀಪಶ್ರೀ ಮದುವೆಗೆ ಗ್ಯಾಸ್ ತುಂಬಿ ಕೊಟ್ಟಾಗ. ತೊಂಬತ್ತೇಳರ ಬೇಸಿಗೆ. ಅವರ ಹಳೇ ಕಾಂಟೆಸ್ಸಾ ಕಾರು. ಮದುಮಗಳನ್ನ ತಣ್ಣಗೆ ಕೂರಿಸಿ ಗಂಡನ ಮನೆಗೆ ಕಳಿಸಬೇಕು ಅಂತ ಅವರ ಹಟ. ನಾನೋ, ಆಯ್ತು ಸಾವ್ಕಾರ್ರೇ, ನಂಗೆ ಬಿಡ್ರಿ ಅಂದುಬಿಟ್ಟಿದ್ದೆ. ದಾವಣಗೆರೆಯಿಂದ ಹನ್ನೆರಡರ ಸಿಲಿಂಡರ್ ಬರಬೇಕು, ಬರ್ಲಿಲ್ಲ... ಬಂತು! ಬಂತು, ಸಾಯಂಕಾಲದ ಹೊತ್ತಿಗೆ ಬಂತು. ಬಸ್ಸಿನ ಮೇಲೆ ಹಾಕಿ ಕಳಿಸಿದ್ರು. ಯಾವ ಬಸ್ಸು ಅಂತ ಹೆಂಗೆ ಹೇಳ್ಲಿ? ಎರಡು ವರ್ಷದ ಮಾತು! ಏನೇ ನೀನು, ವಕೀಲ್ರಂಗೆ ಕೂತ್ಕೊಂಡು ನೋಡ್ತೀಯ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಪೈಕಿ ಅಲ್ಲ ನಾನು!... ಇಲ್ಲ, ಹೆಗಲ ಮೇಲೆ ಟವಲ್ ಜಾರ್ತಿತ್ತು, ಅದಕ್ಕೆ ಮುಟ್ದೆ.

ಎದ್ಯಾ? ಹೊರಟ್ಯಾ? ಪುಟ್ಟಪ್ಪ ಇನ್ನೂ ಬಂದಿಲ್ಲವಲ್ಲ. ಗಾಡಿ ಹತ್ರ ಯಾಕೆ... ದೀಪ ಯಾಕೆ ತಗೊಂಡೆ? ನಾಗವೇಣಿ, ದೀಪ ಇಲ್ಲೇ ಇಡು. ಏನು ಮಾಡೋಕೆ ಹೊರಟೀಯ? ಲೀಕ್ ನೋಡ್ತೀಯಾ? ಇಲ್ಲೇ? ನನ್ನ ಅಂಗಳದಾಗೆ? ನಾನು ನೋಡ್ಕೊಡ್ತೀನಿ ಬಿಡು, ಸೋಪು ಹಚ್ಚಿ ಎರಡು ನಿಮಿಷಕ್ಕೆ... ಬಾಗಿಲು ತೆಗೀಬೇಡ. ಒಳಗೆ ಕೂರಬೇಡ ಅಂದೆ! ಗ್ಲಾಸ್ ಯಾಕೆ ಏರಿಸ್ತೀಯ? ಏ, ಗ್ಲಾಸ್ ಯಾಕೇ ಏರಿಸ್ತೀಯ? ಹನ್ನೆರಡೇ, ಹನ್ನೆರಡೇ ಅಂದೆ, ಆದ್ರೂ ಬೇಡ. ಕಡ್ಡಿಪೆಟ್ಟಿಗೆ ಎಲ್ಲಿಂದ ಬಂತು ನಿನ್ನ ಕೈಗೆ? ನಾಗೂ... ನಾಗೂ, ಕೈ ಮುಗೀತೀನಿ, ಬೇಡ... ಗೀರಬೇಡ... ಬೇಡ! ಗ್ಯಾಸು! ಅಡುಗೆ ಗ್ಯಾಸು ಅದು! ಹನ್ನೆರಡಲ್ಲ! ಇಳಿ! ಇಳಿಯೇ ಕೆಳಗೆ! ಅಡುಗೆ ಗ್ಯಾಸು!

ಕೊಡು ಇಲ್ಲಿ ಪೆಟ್ಟಿಗೆ. ಕೊಡು...

ಖಾಲಿ. ಒಂದು ಕಡ್ಡಿನೂ ಇಲ್ಲ. ಖಾಲಿ ಪೆಟ್ಟಿಗೆ ಹಿಡ್ಕೊಂಡು ಬಂದೀಯ ನೀನು. ದೀಪದಾಗೆ ಸ್ಪಿರಿಟ್ಟೂ ಇಲ್ಲ, ಒಣಗೈತೆ... ಓಹೋ. ಜಟ್ಟಪ್ಪ ಮೇಸ್ತ್ರಿ ಮಗಳೇ ಬಿಡು ನೀನು.

ತಾಳು. ಈ ಕಲ್ಲಿನ ಮೇಲೆ ಕೂರ್ತೀನಿ. ನೋಡು, ನನ್ನ ಕೈ ನೋಡು ಹೆಂಗೆ ನಡುಗ್ತೈತೆ. ನಡುಗೋ ಕೈ ಅಂದ್ರೆ ಇದು. ಅವರದ್ದು ಯಾವತ್ತೂ ನಡುಗ್ಲಿಲ್ಲ. ಕನ್ನಡಕ ಹಾಕ್ಕೊಂಡು ಸೂಜಿಗೆ ದಾರ ಪೋಣಿಸಿ ಕೊಡ್ತಿದ್ರು ನಿಮ್ಮಮ್ಮಂಗೆ, ನಂಗೊತ್ತಿಲ್ವಾ.

ಬರ್ಲಿಲ್ಲ ನಾಗೂ. ದಾವಣಗೆರೆಯಿಂದ ಸಿಲಿಂಡರ್ ಬರ್ಲೇ ಇಲ್ಲ. ಹನ್ನೆರಡು ಆಕಾಶ ತೂತು ಮಾಡ್ತದಂತೆ, ಅದನ್ನ ನಿಲ್ಲಿಸ್ತಾರಂತೆ ಅಂತ ಆಗ ಗುಲ್ಲೋ ಗುಲ್ಲು. ಇದ್ದೋರು ಬಚ್ಚಿಟ್ಕೊಂಡ್ರು. ಹೊಸ ಕಾರಿಗೆಲ್ಲ ನೂರ ಮೂವತ್ನಾಲ್ಕು ಅಂತ ಬೇರೆ ಗ್ಯಾಸ್ ಬಂದಿತ್ತು. ಅದು ಹಳೇ ಗಾಡಿಗೆ ಒಗ್ಗಲ್ಲ. ಒಳಗಿನ ಎಣ್ಣೆ ಬದಲಿಸಬೇಕು, ಪೈಪ್ ಬದಲಿಸಬೇಕು, ಬೆಳಗಾದ್ರೆ ಮದುವೆ! ಹುಬ್ಬಳ್ಳೀಲಿ ಒಬ್ಬ ಅಡುಗೆ ಗ್ಯಾಸ್ ಹಾಕಿ ಓಡಿಸೋದು ನಾನು ಕಣ್ಣಾರೆ ನೋಡಿದ್ದೆ. ಸೌಂದರ್ಯ ಒಲೆ ಮೇಲೆ ಹೋಳಿಗೆಗೆ ಹೂರಣ ಇಟ್ಟಿದ್ಲು. ಉರಿ ಆರಿಸಿ ಸಿಲಿಂಡರ್ ಬಿಚ್ಕೊಂಡು ಬಂದೆ. ಅವಳು ಕೂಗಾಡ್ತಾನೇ ಇದ್ಲು. ತಣ್ಣಗೆ ಅಂದ್ರೆ ತಣ್ಣಗೆ ಆಯ್ತು ನೋಡು! ಹನ್ನೆರಡಕ್ಕಿಂತ ಜಾಸ್ತಿ. ಮದುಮಗಳು ಕೈ ಮರಗಟ್ತೈತೆ ಅಂದ್ಲಂತೆ. ನಾಗರಾಜಪ್ಪನೋರು ಇಡೀ ಚಪ್ಪರದ ಎದುರಿಗೆ ನನ್ನ ಬೆನ್ನು ತಟ್ಟಿ, 'ಸೊರಬದ ಜಟ್ಟಪ್ಪನ ಕೈಲೂ ಇಂಥದ್ದು ಆಗಿರ್ಲಿಲ್ಲ' ಅಂದ್ರು. ಅದು ತಲೆಗೆ ಏರ್ತು ನಂಗೆ. ಅದೇ ಏರಿದ್ದು. ದುಡ್ಡಲ್ಲ, ಆಣೆ ಮಾಡಿ ಹೇಳ್ತೀನಿ. ಫಾರಿನ್ ಗ್ಯಾಸು ಸಾವ್ಕಾರ್ರೇ ಅಂದುಬಿಟ್ಟೆ. ವಾಸನೆ ಬರ್ತದಲ್ಲೋ ಅಂದ್ರು, ಮಲ್ಲಿಗೆ ಸೆಂಟ್ ಇಟ್ಟೆ. ಆಮೇಲೆ ಒಂದಾಯ್ತು, ಎರಡಾಯ್ತು. ಏಳು ಗಾಡಿ. ಪುಟ್ಟಪ್ಪಂದು ಆರನೇದು.

ಬಿಲ್ಲೆ? ಕಾಂಟೆಸ್ಸಾಕ್ಕೆ ಮೊದಲು ಏಸಿ ಕೂರಿಸಿದ್ದು ನಿಮ್ಮಪ್ಪ ಅಲ್ವಾ. ಹನ್ನೆರಡು ಅಂತ ಬಿಲ್ಲೆ ಇತ್ತು ಅದರಾಗೆ. ಕುಟ್ಟಿದ್ದು ನಾನೇ, ಅವರ ಎದುರಿಗೆ ಕೂತು, ಇಪ್ಪತ್ತು ವರ್ಷದೋನಿದ್ದಾಗ. ಅದನ್ನ ಬಿಚ್ಚಿ ಬೇರೆ ಕಟ್ಟಬೇಕಿತ್ತು. ಕಟ್ಟಿದ್ರೆ ನಾಗರಾಜಪ್ಪನೋರು ಇದೇನು ಅಂತ ಕೇಳ್ತಾರೆ, ಏನಂತ ಹೇಳ್ಲಿ, ನಿಮ್ಮ ಮಗಳನ್ನ ಅಡುಗೆ ಗ್ಯಾಸಿನ ಮೇಲೆ ಕೂರಿಸಿ ಕಳಿಸ್ದೆ ಅಂತಾನಾ? ಹಂಗೇ ಬಿಟ್ಟೆ.

ಹತ್ತು ತಿಂಗಳು ಆದ ಮೇಲೆ ಸೋರೋಕೆ ಶುರು ಆಯ್ತು, ತಣ್ಣಗಾಗೋದು ನಿಂತು ಹೋಯ್ತು. ಅವತ್ತು ಅವರು ಸೊರಬದ ಕಡೆ ಹೋಗಿದ್ರು. ನೇರ ನಿಮ್ಮ ಅಂಗಡಿಗೆ ಬಂದ್ರು.

ಆಸ್ಪತ್ರೇಲಿ ನಾಲ್ಕು ದಿವಸ ನಾನು ಕಾಲು ಹತ್ರ ನಿಂತಿದ್ದೆ, ನೋಡಿದೀಯಲ್ಲ ನೀನು. ಬಾಯಿ ಪೂರ್ತಿ ಸುಟ್ಟಿತ್ತು, ಮಾತಿಲ್ಲ. ಮೂರನೇ ದಿವಸ ನನ್ನ ನೋಡಿ ಬಲಗೈ ಎತ್ತಿದ್ರು, ನೆನಪೈತಾ? ಬಟ್ಟೆ ಸುತ್ತಿದ ಕೈ. ಎತ್ತಿ ಮೂಗು ಮುಟ್ಕೊಂಡ್ರು. ಏನಂತಾರೆ ಅಂತ ನಿಮ್ಮಮ್ಮ ನನ್ನ ಕೇಳಿದ್ರು. ಉಸಿರಾಡೋಕೆ ಕಷ್ಟ ಆಗ್ತೈತಂತೆ ಅಂದೆ ನಾನು. ನರ್ಸ್ ಕರೆಯೋಕೆ ಓಡಿದೆ. ಉಸಿರಲ್ಲ ನಾಗೂ ಅದು. 'ಮೂಸಿ ಹೇಳು' ಅಂತ ಅದು. ಒಂದು ವರ್ಷದಿಂದ ಎಲ್ಲಿ ತಿರುಗಿದ್ರೂ ಆ ಕೈ ಮೇಲೇಳ್ತದೆ. ಊಟಕ್ಕೆ ಕೂತ್ರೆ ಎದುರಿಗೆ. ಬಚ್ಚಲಿಗೆ ಹೋದ್ರೆ ಬಾಗಿಲಾಗೆ. ಮನೇಲಿ ಗ್ಯಾಸ್ ಒಲೆ ತೆಗೆಸಿದೀನಿ, ಸೌಂದರ್ಯ ಹೊಟ್ಟಿನ ಒಲೆ ಊದಿ ಊದಿ ನನ್ನ ಬೈತಾಳೆ. ಆದ್ರೂ ವಾಸನೆ ಬರ್ತದೆ. ಅನ್ನದಾಗೆ ಬರ್ತದೆ, ಮಕ್ಕಳ ಕೂದಲಾಗೆ ಬರ್ತದೆ. ನಿಂಗೆ ಈಗ ಬರ್ತಿಲ್ವಾ?

ಸರಿ. ಹೇಳ್ದೆ. ಎಲ್ಲಾ ಹೇಳ್ದೆ. ಈಗ ಬೈಯಿ. ಚಪ್ಪಲಿ ತಗೊಂಡು ಹೊಡಿ. ಏನಾದ್ರೂ ಮಾಡೇ, ಹಂಗೆ ನಿಲ್ಲಬೇಡ!

ಮತ್ತೆ ಎಲ್ಲಿಗೆ ಹೊರಟೆ? ಒಳಗೆ ಏನೈತೆ? ಬಟ್ಟೆ ತೆಗೀಬೇಡ. ಅದು ಸತ್ತೈತೆ ಅಂದ್ನಲ್ಲ... ಯಾಕೆ ತೆಗೆದೆ? ಫೋನಿಗೂ ಇದಕ್ಕೂ ಏನು ಸಂಬಂಧ? ಗ್ಯಾಸ್ ಹಾಕಿದ್ದು ಒಪ್ಕೊಂಡೆ, ಬಿಲ್ಲೆ ಬದಲಿಸ್ಲಿಲ್ಲ ಅಂತ ಒಪ್ಕೊಂಡೆ, ಪಂಚನಾಮೆ ಮಾತೂ ಒಪ್ಕೊಂಡೆ. ಇನ್ನೇನು ಉಳಿದೈತೆ? ಏನೂ ಉಳಿದಿಲ್ಲ. ರಿಸೀವರ್ ಇಡು ಕೆಳಗೆ. ನನ್ನ ಕಡೆ ಚಾಚಬೇಡ ಅದನ್ನ. ಇಡೇ!

ಯಾರು ಹೇಳಿದ್ರು ನಿಂಗೆ?

ನಾಗರಾಜಪ್ಪನೋರಾ? ಅಲ್ಲ... ಎಸ್‌ಟಿಡಿ ಬೂತಿನೋನಾ? ಅವನಿಗೆ ಮಾತು ಕೇಳ್ತಿರ್ಲಿಲ್ಲ, ಗಾಜಿನ ಬಾಗಿಲು ಅದು. ಮತ್ತೆ ಯಾರು?

ಹೌದು. ಮಾಡಿದ್ರು. ಅವತ್ತು ಮಧ್ಯಾಹ್ನ ನಿಮ್ಮ ಅಂಗಡಿ ಪಕ್ಕದ ಬೂತಿಂದ ಮೇಸ್ತ್ರಿ ನಂಗೆ ಫೋನ್ ಮಾಡಿದ್ರು. ಮೀಟರ್ ಓಡ್ತದೆ ಅಂತ ಯಾವಾಗ್ಲೂ ಚುಟುಕು ಮಾತು ಅವರದ್ದು. 'ಏ ಈಶ್ವರಾ. ನಾಗರಾಜಪ್ಪನ ಗಾಡಿ ಬಂದೈತೆ. ಬಿಲ್ಲೆ ಹನ್ನೆರಡು ಅಂತೈತೆ, ಪ್ರೆಶರ್ ಗೇಜಿನ ಮುಳ್ಳು ಬೇರೆ ಏನೋ ಹೇಳ್ತೈತೆ. ನೀನು ಯಾವ ಗ್ಯಾಸ್ ಹಾಕಿದ್ದೀ?' ಅಂದ್ರು. ಇಷ್ಟೇ ಕೇಳಿದ್ದು. ನೀನು ಇವತ್ತು ಬಂದು ಕೇಳ್ದೆಯಲ್ಲ, ಅದೇ ಮಾತು. ಸಾವ್ಕಾರ್ರು ಬಾಗಿಲ ಹತ್ರಾನೇ ನಿಂತಿರ್ತಾರೆ ಅಂತ ಗೊತ್ತಿತ್ತು ನಂಗೆ. ಮೇಸ್ತ್ರಿ ಬೈತಾರೆ ಅಂತ ಗೊತ್ತಿತ್ತು. ಮೂವತ್ನಾಲ್ಕು ವರ್ಷದ ಗಂಡಸು ನಾನು, ಎರಡು ಮಕ್ಕಳ ತಂದೆ! ಬೈತಾರೆ ಅಂತ ಹೆದರಿದೆ ನಾಗೂ. 'ಹನ್ನೆರಡೇ ಮೇಸ್ತ್ರಿ' ಅಂದೆ.

ಅದಕ್ಕೆ ಅವರು ಏನಂದ್ರು ಗೊತ್ತಾ? 'ಹಂಗಾರೆ ಮುಳ್ಳೇ ಸುಳ್ಳು ಹೇಳ್ತೈತೆ ಬಿಡು' ಅಂದ್ರು. ಫೋನ್ ಇಟ್ರು.

ಐದು ನಿಮಿಷ ಕೂತಿದ್ದೆ. ದೀಪ ಹಚ್ತಾರೆ ಅಂತ ನಂಗೆ ಗೊತ್ತು, ಗ್ಲಾಸ್ ಏರಿಸ್ತಾರೆ ಅಂತ ಗೊತ್ತು, ಆ ಮೂಗಿಗೆ ಏನೂ ತಿಳಿಯಲ್ಲ ಅಂತ ಈ ಲೋಕದಾಗೆ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಐದೇ ನಿಮಿಷ. ಆಮೇಲೆ ಬೂತಿಗೆ ತಿರುಗಿ ಮಾಡಿದೆ. ಹೌದು, ಮಾಡಿದೆ! ರಿಂಗ್ ಆಯ್ತು, ಆಯ್ತು, ಯಾರೋ ಎತ್ತಿದ್ರು. ಯಾರೂ ಹಲೋ ಅನ್ಲಿಲ್ಲ. ಹಿಂದೆ ಬರೀ ಕೂಗು. 'ನೀರು, ನೀರು' ಅಂತ ಒಂದು ಹೆಣ್ಣಿನ ದನಿ. ನೀನು. ನಿನ್ನ ದನಿ ಅದು. ಅವತ್ತಿಂದ ಈ ಫೋನ್ ಎತ್ತಿದ್ರೆ ಅದೇ ಕೇಳ್ತಿತ್ತು. ತಂತಿ ಕತ್ತರಿಸಿದ ಮೇಲೂ ಇದು ರಿಂಗ್ ಆಗ್ತದೆ, ಹುಚ್ಚ ಅನ್ನು ಬೇಕಾದ್ರೆ.

ಒಂದು ಮಾತು. ಈಗ ನೀನು ಖಾಲಿ ಪೆಟ್ಟಿಗೆ ತೋರಿಸಿದ್ರೆ ಎಷ್ಟು ಸಲೀಸಾಗಿ ಬಂತು ನೋಡು ಬಾಯಿಂದ. ಅವತ್ತು ಬರ್ಲಿಲ್ಲ.

ಆದ್ರೆ... ನಿಂಗೆ ಹೆಂಗೆ ಗೊತ್ತಾಯ್ತು ಅದು? ಬೂತಿಗೆ ಹೋಗೋವಾಗ ಕನ್ನಡಕ ಅಂಗಡೀಲೇ ಬಿಟ್ಟು ಹೋಗೋರು, ಅದಿಲ್ದೆ ಮೇಸ್ತ್ರಿಗೆ ನಂಬರ್ ಕಾಣ್ತಿರ್ಲಿಲ್ಲ. ಹಂಗಾರೆ ಅವತ್ತು ನಂಬರ್ ಒತ್ತಿ ಕೊಟ್ಟಿದ್ದು... ನೀನು. ಪಕ್ಕದಲ್ಲೇ ನಿಂತಿದ್ದೆ. ನಾನು ಅಂದಿದ್ದು ಕೇಳಿಸ್ತು ನಿಂಗೆ. ನಾನು ಪೊಲೀಸರ ಎದುರಿಗೆ ನಿಂತು ಕೈ ನಡುಗ್ತು ಅಂದಾಗ್ಲೂ ನಿಂಗೆ ಗೊತ್ತಿತ್ತು, ಆಸ್ಪತ್ರೇಲಿ ಉಸಿರು ಅಂದಾಗ್ಲೂ ಗೊತ್ತಿತ್ತು. ಅಂದ್ರೆ, ನಾನು ಫೋನಿನಾಗೆ ಹನ್ನೆರಡೇ ಅಂದಿದ್ದು ಗೊತ್ತಿತ್ತು, ಅದು ಸುಳ್ಳು ಅಂತ ಮಾತ್ರ ಗೊತ್ತಿರ್ಲಿಲ್ಲ. ಪುಟ್ಟಪ್ಪನ ಗಾಡೀಲಿ ಗ್ಯಾಸಿನ ವಾಸನೆ ಮುಚ್ಚೋ ಆ ಸೆಂಟ್ ಬಾಟ್ಲಿ ಕಾಣೋ ತನಕ. ಅಲ್ವಾ?

ಮತ್ತೆ ಒಂದು ವರ್ಷ ಏನು ಅಂದ್ಕೊಂಡಿದ್ದೆ ನೀನು? ಗ್ಯಾಸು ಹನ್ನೆರಡು, ಅದಕ್ಕೆ ಬೆಂಕಿ ತಾಗಲ್ಲ. ಅಪ್ಪನ ಕೈ ನಡುಗಲ್ಲ. ಹಂಗಾರೆ ಬೆಂಕಿ ಎಲ್ಲಿಂದ ಬಂತು ಅಂತ ಅಂದ್ಕೊಂಡೆ?

ಫೋನ್ ಇಟ್ಟು ಮೇಸ್ತ್ರಿ ಏನಂದ್ರು? 'ದೀಪ ಹಚ್ಕೊಂಡು ಬಾ' ಅಂದ್ರಾ? ಯಾರಿಗೆ ಅಂದ್ರು? ಅಂಗಡೀಲಿ ಇನ್ಯಾರಿದ್ರು?... ನಾಗೂ, ತಲೆ ಎತ್ತು. ಸ್ಪಿರಿಟ್ ತುಂಬಿದ್ದು ಯಾರು? ಹಚ್ಚಿ ಅವರ ಕೈಗೆ ಕೊಟ್ಟಿದ್ದು...

ಅಯ್ಯೋ. ಅಯ್ಯೋ ತಂಗೀ.

ಅದಕ್ಕಾ ನೀನು ಅದನ್ನ ಹುಣಸೆಹಣ್ಣು ಹಚ್ಚಿ ಉಜ್ಜಿದ್ದು? ಒಂದು ವರ್ಷ? ನೀನೇ ಸ್ಪಿರಿಟ್ ಜಾಸ್ತಿ ತುಂಬಿದೆ, ನಿನ್ನ ಕೈಯಿಂದಾನೇ ಆಯ್ತು ಅಂದ್ಕೊಂಡು? ನಾನು 'ಚೆಲ್ಲಿರಬಹುದು' ಅಂದಿದ್ದು ನಿನ್ನ ಕಿವಿಗೆ ಬಿತ್ತಾ? ಅಲ್ಲ ಕಣೇ. ಅಲ್ಲ. ಹನ್ನೆರಡಾಗಿದ್ರೆ ಉರಿ ಹಸಿರಾಗ್ತಿತ್ತು, ಅಷ್ಟೇ. ಗಿಣಿ ಹಸಿರು. ಮೇಸ್ತ್ರಿ ಕಂಡ್ತು ಅಂತ ಕೂಗೋರು, ಬೆವರು ಒರೆಸ್ಕೊಂಡು ಈಚೆ ಬರೋರು.

ಪುಟ್ಟಪ್ಪ ಬರ್ತಿದಾನೆ. ಬರ್ಲಿ. ಎದುರಿನ ಅಂಗಡಿಯೋರೂ ಬರ್ಲಿ, ನಾಗರಾಜಪ್ಪನೋರಿಗೂ ಹೇಳಿ ಕಳಿಸು. ಆ ರಿಸೀವರ್ ಕೊಡು ಇಲ್ಲಿ. ಸತ್ತಿದ್ರೂ ಕೊಡು.

ಹನ್ನೆರಡಲ್ಲ ಮೇಸ್ತ್ರಿ. ಅಡುಗೆ ಗ್ಯಾಸು. ದೀಪ ಹಚ್ಚಬೇಡಿ.